ಹಿತ್ತಿಲ ಪಾಲಕ್: ದಿನಕ್ಕೊಂದು ಕೊಡ ನೀರು ಸಾಕು

ಮಾಗಡಿ ಕಡೆಯ ನಮ್ಮಂಥ ಖುಷ್ಕಿ ರೈತರಿಗೆ ಮಳೆಗಾಲದಲ್ಲಿ ಸೊಪ್ಪಿನ ಚಿಂತೆಯಿಲ್ಲ. ರಾಗಿ ಹೊಲದಲ್ಲಿ ಅಣ್ಣೆ, ಗೋಣಿ, ಕೀರೆ ಸಿಗುತ್ತವೆ. ಬೆರಕೆ ಸೊಪ್ಪಿನ ಸಾರು, ಮುದ್ದೆ ಆಗಿಹೋಗುತ್ತದೆ. ತಾಪತ್ರಯ ಶುರುವಾಗುವುದು ಸಂಕ್ರಾಂತಿ ಕಳೆದ ಮೇಲೆ. ಹೊಲ ಒಣಗಿದರೆ ಸಂತೆ ಸೊಪ್ಪೇ ಗತಿ.

ಆ ಸೊಪ್ಪು ಯಾವ ನೀರಲ್ಲಿ ಬೆಳೆದದ್ದು ಅಂತ ಕೊಳ್ಳುವವರಿಗೆ ಗೊತ್ತಾಗೋದಿಲ್ಲ. ಬೆಂಗಳೂರಿನ ಕೊಳಚೆ, ಕಾರ್ಖಾನೆ ನೀರು ಹೊತ್ತ ವೃಷಭಾವತಿ ಬಿಡದಿ ಬಳಿಯ ಭೈರಮಂಗಲದ ಕಡೆ ಹರಿದು ಮುಂದೆ ಅರ್ಕಾವತಿ ಸೇರುತ್ತದೆ. ಕೊಳಚೆ ನೀರಿನ ಸೀಸ, ಕ್ಯಾಡ್ಮಿಯಂ ಎಲೆಯೊಳಗೇ ಸೇರಿಕೊಂಡರೆ ಎಷ್ಟು ತೊಳೆದರೂ ಹೋಗೋದಿಲ್ಲ. ಅದಕ್ಕೇ ಒಂದು ಮಡಿ ಪಾಲಕ್ ಹಿತ್ತಿಲಲ್ಲೇ ಇರಲಿ ಅನ್ನುತ್ತೇನೆ.

ಮಡಿ ಮತ್ತು ಬೀಜ

3 ಅಡಿ ಅಗಲ, 10 ಅಡಿ ಉದ್ದದ ಮಡಿ ಸಾಕು. ಎರಡು ಮಂಕರಿ ಹಳೇ ಕೊಟ್ಟಿಗೆ ಗೊಬ್ಬರ ಸೇರಿಸಿ ಮಣ್ಣು ಹದ ಮಾಡಿ. 10 ಗ್ರಾಂ ಬೀಜ ಸಾಕಾಗುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನುಪಮ ಒಳ್ಳೇ ತಳಿ.

ನಾವು ಪಾಲಕ್ ಬೀಜ ಅನ್ನುವುದು ನಿಜಕ್ಕೂ ಒಂದು ಗಟ್ಟಿ ಕಾಯಿ. ಒಳಗೆ ಎರಡು ಮೂರು ಬೀಜ ಇರುತ್ತವೆ. ಅದಕ್ಕೇ ಗುಂಪಾಗಿ ಮೊಳೆಯುತ್ತದೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಮುಕ್ಕಾಲು ಅಡಿ ಅಂತರದ ಸಾಲಿನಲ್ಲಿ ಅರ್ಧ ಅಂಗುಲ ಆಳಕ್ಕೆ ಹಾಕಿ. ಒತ್ತಾಗಿ ಬಂದ ಸಸಿ ಕಿತ್ತು ಸಾರಿಗೆ ಬಳಸಿ.

ಇಡೀ ಮಡಿಗೆ ಒಂದೇ ದಿನ ಬಿತ್ತಬೇಡಿ. ಮೂರು ಪಾಲು ಮಾಡಿ, 15 ದಿನಕ್ಕೊಂದು ಪಾಲು ಬಿತ್ತಿದರೆ ವಾರಕ್ಕೊಂದು ಸಲ ಸಾರಿಗಾಗುವಷ್ಟು ಸೊಪ್ಪು ಸಿಗುತ್ತದೆ.

ನೀರು

ಬೇಸಿಗೆಯಲ್ಲೂ ಇಷ್ಟು ಜಾಗಕ್ಕೆ ದಿನಕ್ಕೊಂದು ಕೊಡ, ಅಂದರೆ 15 ಲೀಟರಿನಷ್ಟು ಸಾಕು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರೂ ಆದೀತು. ಬಟ್ಟೆ ಒಗೆದ ಸೋಪಿನ ನೀರು ಬೇಡ, ಅದನ್ನು ಬಾಳೆ ಬುಡಕ್ಕೆ ಬಿಡಿ. ನೀರನ್ನು ಬುಡಕ್ಕೇ ಹಾಕಿ, ಎಲೆ ನೆನೆಯುತ್ತಿದ್ದರೆ ಚುಕ್ಕೆ ರೋಗ ಹೆಚ್ಚುತ್ತದೆ. ಪಾಲಕ್ ಬೀಟ್‌ರೂಟಿನ ನೆಂಟ. ಬೋರ್ ನೀರು ಸ್ವಲ್ಪ ಸವುಳಾದರೂ ತಡೆಯುತ್ತದೆ. ಸಾಲಿನ ನಡುವೆ ಒಣ ತರಗು ಹಾಕಿ. ಬಿಸಿಲು ಜೋರಾದಾಗ ಮಧ್ಯಾಹ್ನದ ಹೊತ್ತು ತೆಂಗಿನ ಗರಿಯ ನೆರಳು ಕೊಡಿ.

ಕೊಯ್ಲು

ಬಿತ್ತಿ 30-35 ದಿನಕ್ಕೆ ಮೊದಲ ಕೊಯ್ಲು. ಬೇರುಸಹಿತ ಕೀಳಬೇಡಿ. ನೆಲದಿಂದ ಎರಡು ಬೆರಳು ಮೇಲಕ್ಕೆ, ನಡುವಿನ ಕುಡಿ ಉಳಿಸಿ ಕೊಯ್ದರೆ 15-20 ದಿನಕ್ಕೆ ಮತ್ತೆ ಬರುತ್ತದೆ. ಹೀಗೆ ನಾಲ್ಕೈದು ಸಲ ಕೊಯ್ಯಬಹುದು. ಪ್ರತಿ ಕೊಯ್ಲಿನ ನಂತರ ಬುಡಕ್ಕೆ ಒಂದೊಂದು ಹಿಡಿ ಗೊಬ್ಬರ ಕೊಡಿ. ಹೂದಂಟು ಎದ್ದರೆ ಆ ಗಿಡದ ಕೆಲಸ ಮುಗಿಯಿತು.

ಔಷಧಿ ಬೇಡ

ರಾಮನಗರ, ಚನ್ನಪಟ್ಟಣ, ಕನಕಪುರದ ರೇಷ್ಮೆ ಬೆಳೆಗಾರರಿಗೆ ಹುಳುವಿನ ಹಿಕ್ಕೆ, ಕಸ ಒಳ್ಳೇ ಗೊಬ್ಬರ. ಆದರೆ ಪೂರಾ ಕೊಳೆತ ಮೇಲೇ ಹಾಕಿ. ಮಡಿಗೆ ಔಷಧಿ ಹೊಡೆಯಬೇಡಿ, ಬೇವಿನದೂ ಬೇಡ. ಗಾಳಿಗೆ ಹಿಪ್ಪುನೇರಳೆ ಮೇಲೆ ಕೂತರೆ ರೇಷ್ಮೆ ಹುಳುವಿಗೇ ಕುತ್ತು. ಹೇನು ಕಂಡರೆ ನೀರು ಎರಚಿ ಉದುರಿಸಿ. ಚುಕ್ಕೆ ಬಿದ್ದ ಎಲೆ ಕಿತ್ತು ದೂರ ಹೂತುಬಿಡಿ.

ಒಂದು ಎಚ್ಚರಿಕೆ: ಪಾಲಕ್‌ನಲ್ಲಿ ಆಕ್ಸಲೇಟ್ ಜಾಸ್ತಿ. ಮೂತ್ರಪಿಂಡದಲ್ಲಿ ಕಲ್ಲು ಇರುವವರು ವೈದ್ಯರನ್ನು ಕೇಳಿ ತಿನ್ನಿ. ಉಳಿದವರು ಸಾರಿಗೆ ನಿಂಬೆ ಹಿಂಡಿಕೊಳ್ಳಿ, ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಅದು ನೆರವಾಗುತ್ತದೆ.