ಮನೆಯ ನ್ಯಾಸಪೆಟ್ಟಿಗೆಯ ಸದ್ದು

ಹಿಂದೆ ವಿದ್ವಾಂಸರ ಮನೆಗಳಲ್ಲಿ ಓಲೆಗರಿಯ ಕಟ್ಟುಗಳನ್ನು ವಸ್ತ್ರದಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿಟ್ಟು ಕಾಪಾಡುವ ವಾಡಿಕೆಯಿತ್ತು. ಇಂದು ಅಂತಹ ಕೆಲವು ಮನೆಗಳಲ್ಲಿ ಆ ಓಲೆಗಳ ಛಾಯಾಪ್ರತಿಗಳು, ಮಕ್ಕಳ ಮದುವೆಯ ಚಿತ್ರಗಳು, ಗತಿಸಿದ ಹಿರಿಯರ ಧ್ವನಿಮುದ್ರಣಗಳು ಎಲ್ಲವೂ ಒಂದು ಸಣ್ಣ ಯಂತ್ರದೊಳಗೆ ಸೇರಿಕೊಂಡಿವೆ. ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್ ಎಂಬ ದೀರ್ಘನಾಮವನ್ನು ಕುಗ್ಗಿಸಿ ಅದನ್ನು ನ್ಯಾಸ್ ಎನ್ನುತ್ತಾರೆ. ಆಕಸ್ಮಿಕವಾದರೂ ಹೆಸರು ಸಾರ್ಥಕವಾಗಿದೆ. ಸಂಸ್ಕೃತದಲ್ಲಿ ನ್ಯಾಸವೆಂದರೆ ನಂಬಿ ಒಪ್ಪಿಸಿದ ಇಡುಗಂಟು. ಮನೆಯ ರೂಟರಿಗೆ ತಂತಿಯಿಂದ ಜೋಡಿಸಿದ ಈ ಪೆಟ್ಟಿಗೆಯೊಳಗೆ ಎರಡೋ ನಾಲ್ಕೋ ಹಾರ್ಡ್ ಡಿಸ್ಕುಗಳೂ ಅವನ್ನು ತಂಪಾಗಿಡುವ ಫ್ಯಾನೂ ಹಗಲಿರುಳು ತಿರುಗುತ್ತಿರುತ್ತವೆ. ಸದ್ದು ಹೆಚ್ಚಿ ನಿದ್ದೆ ಕೆಟ್ಟಾಗ ಬಹುಮಂದಿ ಮಾಡುವುದೆಂದರೆ, ಪೆಟ್ಟಿಗೆಗೆ ಬಟ್ಟೆ ಹೊದಿಸುವುದು ಇಲ್ಲವೆ ಕಪಾಟಿನಲ್ಲಿಟ್ಟು ಬಾಗಿಲು ಮುಚ್ಚುವುದು. ಓಲೆಯನ್ನು ಉಳಿಸಿದ ಉಪಾಯವೇ ಇಲ್ಲಿ ಘಾತಕವಾಗುತ್ತದೆ. ಗಾಳಿ ಕಟ್ಟಿದ ಯಂತ್ರ ಕಾಯುತ್ತದೆ. ಅದಕ್ಕಿಂತ ಮಿಗಿಲಾಗಿ, ಯಂತ್ರವು ತನ್ನ ರೋಗವನ್ನು ಹೇಳಿಕೊಳ್ಳುವ ಬಾಯಿ ಮುಚ್ಚಿಹೋಗುತ್ತದೆ.

ಆದಕಾರಣ ಸದ್ದನ್ನು ಅಡಗಿಸುವುದಕ್ಕೆ ಮೊದಲು ಅದು ಯಾವ ಅಂಗದಿಂದ ಹುಟ್ಟಿತೆಂಬುದನ್ನು ಕಿವಿಗೊಟ್ಟು ನಿರ್ಣಯಿಸತಕ್ಕದ್ದು. ಅದಕ್ಕೂ ಮೊದಲು, ಒಳಗಿರುವ ಅಮೂಲ್ಯ ವಸ್ತುಗಳಿಗೆ ಬೇರೊಂದು ಡಿಸ್ಕಿನಲ್ಲಿ ಪ್ರತಿ ಉಂಟೆ ಎಂಬುದನ್ನು ನೋಡತಕ್ಕದ್ದು. ಇಲ್ಲವಾದರೆ ಪ್ರತಿ ಮಾಡಿಕೊಂಡ ಮೇಲೆಯೇ ಮುಂದಿನ ಪರೀಕ್ಷೆ.

ಅತಿ ಸಾಮಾನ್ಯವಾದ ಸದ್ದು ಗುಂಯ್‌ಗುಡುವಿಕೆ. ೧೯೫೬ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ ೨೪ ಅಂಗುಲ ವ್ಯಾಸದ ೫೦ ತಟ್ಟೆಗಳು ನಿಮಿಷಕ್ಕೆ ೧೨೦೦ ಸುತ್ತು ತಿರುಗುತ್ತಿದ್ದವು. ಅಷ್ಟು ದೊಡ್ಡ ಯಂತ್ರ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರಗಳನ್ನು ಮಾತ್ರ. ಅಂಗೈಯಗಲದ ಇಂದಿನ ಡಿಸ್ಕುಗಳು ಸಾಮಾನ್ಯವಾಗಿ ೫೪೦೦ ಅಥವಾ ೭೨೦೦ ಸುತ್ತು ತಿರುಗುತ್ತವೆ, ಎಂದರೆ ಸೆಕೆಂಡಿಗೆ ೯೦ ಅಥವಾ ೧೨೦ ಸುತ್ತು. ಈ ಅದಿರಾಟ ತಾನಾಗಿ ಕ್ಷೀಣವಾದುದೇ. ಆದರೆ ತಂಬೂರಿಯ ತಂತಿಯ ಸಣ್ಣ ದನಿಯನ್ನು ಅದರ ಬುರುಡೆ ಹಿರಿದುಮಾಡುವಂತೆ, ತೆಳುಹಲಗೆಯ ಮೇಜು ಇಲ್ಲವೆ ಪೊಳ್ಳಾದ ಕಪಾಟು ಈ ಅದಿರಾಟವನ್ನು ಹಿಡಿದು ಕೋಣೆಗೆಲ್ಲ ಹರಡುತ್ತದೆ. ದೂಷಣೆ ಮಾತ್ರ ಪಾಪ, ಯಂತ್ರದ ತಲೆಗೆ! ಇನ್ನೊಂದು ವಿಶೇಷವುಂಟು. ಒಂದೇ ವೇಗದವೆಂದು ಹೇಳಲಾದ ಎರಡು ಡಿಸ್ಕುಗಳು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗಿ ತಿರುಗಿದಾಗ, ಸದ್ದು ಏರುತ್ತ ಇಳಿಯುತ್ತ ಅಲೆಅಲೆಯಾಗಿ ಬರುತ್ತದೆ. ಶ್ರುತಿ ಕೂಡದ ಎರಡು ತಂತಿಗಳನ್ನು ಒಟ್ಟಿಗೆ ಮೀಟಿ ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೇಳಲು ಭಯವೆನಿಸಿದರೂ ಇದು ರೋಗಲಕ್ಷಣವಲ್ಲ.

ಪರೀಕ್ಷೆ ಸುಲಭ. ಪೆಟ್ಟಿಗೆಯ ನೆತ್ತಿಯನ್ನು ಅಂಗೈಯಿಂದ ಮೆಲ್ಲಗೆ ಒತ್ತಿದಾಗ ಸದ್ದು ತಗ್ಗಿದರೆ ಮೈಯ ಅದಿರಾಟವೇ ಕಾರಣ. ಡಿಸ್ಕನ್ನು ಹಿಡಿದ ತಟ್ಟೆಯ ಸ್ಕ್ರೂಗಳು ಸಡಿಲವಾಗಿವೆಯೇ ಎಂದು ನೋಡಬೇಕು. ಬಳಿಕ ಯಂತ್ರವನ್ನು ಕ್ರಮವಾಗಿ ನಿಲ್ಲಿಸಿ, ಮಡಿಸಿದ ಟವೆಲಿನ ಮೇಲೆ ಗಾಳಿಕಂಡಿಗಳು ಮುಚ್ಚದಂತೆ ಇಟ್ಟು ಮತ್ತೆ ನಡೆಸಿ ಕೇಳಬೇಕು. ಸದ್ದು ಅಡಗಿತೆಂದರೆ ಅಪರಾಧಿ ಮೇಜು. ಟವೆಲು ಪರೀಕ್ಷೆಗಷ್ಟೆ, ಶಾಶ್ವತವಾಗಿ ನಾಲ್ಕು ಮೃದುವಾದ ರಬ್ಬರ್ ಪಾದಗಳು ಸಾಕು. ತಿರುಗುತ್ತಿರುವ ಯಂತ್ರವನ್ನು ಎಂದಿಗೂ ಎತ್ತಿಡಬಾರದು. ಓದುವ ಮುಳ್ಳು ತಟ್ಟೆಯಿಂದ ಇರುವ ಅಂತರ ತಲೆಗೂದಲಿನ ದಪ್ಪಕ್ಕಿಂತ ಹಲವು ಸಾವಿರ ಪಟ್ಟು ಕಿರಿದು. ಮಲಗುವ ಕೋಣೆಯಲ್ಲೇ ಇದನ್ನು ಇಡಬೇಕೆಂಬ ನಿಯಮವೂ ಇಲ್ಲ. ನೆಟ್‌ವರ್ಕ್ ತಂತಿ ೧೦೦ ಮೀಟರಿನವರೆಗೆ ಸಲ್ಲುತ್ತದೆ. ಅಡುಗೆಯ ಜಿಡ್ಡು, ಹೆಂಚಿನ ಕೆಳಗಿನ ಅಟ್ಟದ ಬೇಸಿಗೆಯ ಝಳ ಇವೆರಡೂ ಇಲ್ಲದ ಯಾವ ಮೂಲೆಯಾದರೂ ಆದೀತು.

ಸಿಳ್ಳೆಯಂತಹ ಇಲ್ಲವೆ ಗರಗರ ಸದ್ದು ಸಾಮಾನ್ಯವಾಗಿ ಫ್ಯಾನಿನದು. ನಮ್ಮ ಕೆಮ್ಮಣ್ಣಿನ ಊರುಗಳಲ್ಲಿ ಒಂದೇ ವರ್ಷಕ್ಕೆ ಧೂಳು ಮೆತ್ತಿಕೊಂಡಿರುತ್ತದೆ. ವಿದ್ಯುತ್ ತೆಗೆದು, ರೆಕ್ಕೆಗಳು ತಿರುಗದಂತೆ ಬೆರಳಿನಿಂದ ಹಿಡಿದು, ಮೆತ್ತನೆಯ ಕುಂಚದಿಂದ ಒರೆಸಬೇಕು. ಬೇರಿಂಗೇ ಸವೆದಿದ್ದರೆ ಎಣ್ಣೆಯ ತೊಟ್ಟು ಕೆಲದಿನಗಳ ಸಮಾಧಾನವಷ್ಟೆ. ಅದೇ ಅಳತೆಯ, ಅದೇ ಜೋಡಣೆಯ ಹೊಸ ಫ್ಯಾನ್ ಹಾಕುವುದು ಮೇಲು.

ಇನ್ನು ಡಿಸ್ಕಿನ ಒಳದನಿ. ನಡುರಾತ್ರಿ ಯಾರೂ ಮುಟ್ಟದಿದ್ದರೂ ಕೊರಕೊರ ಎಂದರೆ, ಯಂತ್ರ ತನ್ನ ಕಡತಗಳನ್ನು ತಾನೇ ಪರಿಶೀಲಿಸುತ್ತಿದೆ ಇಲ್ಲವೆ ಚಿತ್ರಗಳ ಕಿರುಪ್ರತಿಗಳನ್ನು ರಚಿಸುತ್ತಿದೆ ಎಂದು ತಿಳಿಯಬಹುದು. ಆ ಕೆಲಸಗಳ ವೇಳೆಯನ್ನು ಹಗಲಿಗೆ ಬದಲಿಸಲು ಬರುತ್ತದೆ. ಕೆಲವು ದೊಡ್ಡ ಡಿಸ್ಕುಗಳು ಸುಮಾರು ಐದು ಸೆಕೆಂಡಿಗೊಮ್ಮೆ ಮೃದುವಾಗಿ ಟಿಕ್ ಎನ್ನುವುದೂ ಸ್ವಭಾವವೇ. ಆದರೆ ಟಕ್, ಟಕ್ ಎಂದು ಒಂದೇ ಸಮನೆ ಬಡಿದು, ತಿರುಗುವುದು ನಿಂತು, ಮತ್ತೆ ತೊಡಗಿ, ಮತ್ತೆ ಬಡಿಯುವ ಸದ್ದು ಬೇರೆಯೇ. ಓದುವ ಮುಳ್ಳು ದಾರಿ ಕಾಣದೆ ಮರಳಿ ಮರಳಿ ಯತ್ನಿಸುವ ಸಂಕಟವದು. ಬಲಗುಂದಿದ ವಿದ್ಯುತ್ ಅಡಾಪ್ಟರಿನಿಂದಲೂ ಹೀಗಾಗುವುದುಂಟಾದ್ದರಿಂದ ಅದನ್ನು ಬದಲಿಸಿ ನೋಡಬಹುದು; ಹಾಗೆಂದು ದಿನಗಟ್ಟಲೆ ಪ್ರಯೋಗ ಸಲ್ಲದು. ಮತ್ತೆಂದೂ ದೊರೆಯದ ಕಡತಗಳನ್ನು ಮೊದಲು, ಮಿಕ್ಕವನ್ನು ಆಮೇಲೆ ಹೊರಗೆ ನಕಲು ಮಾಡಿಕೊಳ್ಳಬೇಕು. ಕಡತಗಳು ತೆರೆಯದಿದ್ದರೆ ವಿದ್ಯುತ್ ತೆಗೆದು ತಜ್ಞರಿಗೊಪ್ಪಿಸಬೇಕಲ್ಲದೆ ಡಿಸ್ಕಿನ ಮುಚ್ಚಳವನ್ನು ಬಿಚ್ಚಕೂಡದು.

ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಡುತ್ತದೆ. ಸ್ಮಾರ್ಟ್ ಎಂಬ ಆ ವರದಿಯನ್ನು ನ್ಯಾಸಿನ ಪರದೆಯಲ್ಲಿ ಓದಬಹುದು. ಕೆಟ್ಟು ಬದಲಿಸಿದ ಸೆಕ್ಟರುಗಳ ಸಂಖ್ಯೆ ವಾರದಿಂದ ವಾರಕ್ಕೆ ಏರುತ್ತಿದ್ದರೆ ಕಾಯದೆ ಹೊಸ ಡಿಸ್ಕು ತರಿಸಬೇಕು. ಸಂಖ್ಯೆ ಸೊನ್ನೆಯಾಗಿದ್ದೂ ಡಿಸ್ಕು ಕೈಕೊಡುವುದುಂಟು. ವರದಿ ಚೆನ್ನಾಗಿದೆಯೆಂದು ಕಿವಿಯ ಸಾಕ್ಷ್ಯವನ್ನು ತಳ್ಳಿಹಾಕಬಾರದು.

ಎರಡು ಡಿಸ್ಕುಗಳಲ್ಲಿ ಒಂದೇ ವಿಷಯ ಬರೆಯುವ ಜೋಡಿಪದ್ಧತಿ ಇರುವಾಗ ಪ್ರತಿಯೇಕೆ ಎಂದು ಕೇಳುವವರಿದ್ದಾರೆ. ಮೊಮ್ಮಗ ತಪ್ಪಿ ಅಳಿಸಿದ ಚಿತ್ರ ಎರಡರಲ್ಲಿಯೂ ಒಮ್ಮೆಲೇ ಅಳಿಯುತ್ತದೆ. ಅಲ್ಲದೆ ಒಂದು ಡಿಸ್ಕು ಸತ್ತು ಹೊಸದನ್ನು ಹಾಕಿದಾಗ, ಅದೇ ವಯಸ್ಸಿನ ಜೊತೆಗಾರ ಡಿಸ್ಕನ್ನು ಆದ್ಯಂತವಾಗಿ ಓದಿ ಹೊಸದಕ್ಕೆ ತುಂಬಬೇಕಾಗುತ್ತದೆ. ದೊಡ್ಡ ಡಿಸ್ಕುಗಳಲ್ಲಿ ಈ ಮರುತುಂಬುವಿಕೆಗೆ ಒಂದು ಹಗಲು ಒಂದು ರಾತ್ರಿ ಹಿಡಿದರೂ ಆಶ್ಚರ್ಯವಿಲ್ಲ. ಅಷ್ಟು ಹೊತ್ತೂ ಕೊರಕೊರ ಸದ್ದು ಎಡೆಬಿಡದೆ ಕೇಳುತ್ತದೆ, ಫ್ಯಾನೂ ಜೋರಾಗಿ ಬೀಸುತ್ತದೆ. ಆಗ ಗಾಬರಿಗೊಂಡು ಯಂತ್ರವನ್ನು ನಿಲ್ಲಿಸಬಾರದು.