ವಾಚನಪೀಠದ ಬಳಿ ನಿಲ್ಲತಕ್ಕವರು ಯಾರು?

ಭಾನುವಾರದ ಬಲಿಪೂಜೆಗೆ ಗಂಟೆ ಬಾರಿಸುವ ಹೊತ್ತಿಗೆ "ಮೊದಲನೆಯ ವಾಚನವನ್ನು ಯಾರು ಓದುತ್ತೀರಿ?" ಎಂಬ ಹುಡುಕಾಟ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಕಥೋಲಿಕ ಕುಟುಂಬಗಳಿಗೆ ಅಪರಿಚಿತವೇನಲ್ಲ. ಕೊನೆಗೆ ಎದುರಿಗೆ ಸಿಕ್ಕವರ ಕೈಗೆ ಗ್ರಂಥ ಸೇರುತ್ತದೆ. ಮದುವೆ, ಹಬ್ಬಗಳಲ್ಲಾದರೆ ಪಟ್ಟಣದಿಂದ ಬಂದ ನೆಂಟರಿಗೆ ಆ ಮರ್ಯಾದೆ ಸಲ್ಲುತ್ತದೆ.

ಆದರೆ ವಾಚನವು ಮರ್ಯಾದೆಯಲ್ಲ, ಸೇವೆ. ಧರ್ಮಸಭೆಯಲ್ಲಿ ಪವಿತ್ರ ಗ್ರಂಥವನ್ನು ಓದುವಾಗ ಮಾತನಾಡುವವರು ಸ್ವತಃ ಕ್ರಿಸ್ತರೇ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಬೋಧಿಸಿತು. ವಾಚಕರದು ನಿಜವಾದ ಆರಾಧನಾ ಸೇವೆಯೆಂದೂ ಸಾರಿತು. ಶುಭಸಂದೇಶದ ಘೋಷಣೆ ಯಾಜಕರಿಗೆ ಅಥವಾ ಉಪಯಾಜಕರಿಗೆ ಮೀಸಲು. ಉಳಿದ ವಾಚನಗಳು ಭಕ್ತಾದಿಗಳ ಪಾಲಿನವು.

1972ರಲ್ಲಿ ಪೋಪ್ ಆರನೆಯ ಪೌಲರು ವಾಚಕ ಸೇವೆಯನ್ನು ಶ್ರೀಸಾಮಾನ್ಯ ವಿಶ್ವಾಸಿಗಳಿಗೆ ತೆರೆದರಾದರೂ ವಿಧಿಪೂರ್ವಕ ನೇಮಕವು ಪುರುಷರಿಗಷ್ಟೇ ಸೀಮಿತವಾಗಿತ್ತು. ಸ್ತ್ರೀಯರು ತಾತ್ಕಾಲಿಕ ನಿಯೋಜನೆಯ ಮೇರೆಗೆ ಓದುತ್ತಿದ್ದರು. 2021ರ ಜನವರಿ 10ರಂದು ಪೋಪ್ ಫ್ರಾನ್ಸಿಸ್ ಆ ಕಟ್ಟಳೆಯನ್ನು ತಿದ್ದಿ ಸ್ತ್ರೀಯರಿಗೂ ಈ ನೇಮಕದ ಬಾಗಿಲು ತೆರೆದರು.

ಹೀಗಿರುವಾಗ ನಮ್ಮ ಪ್ರಶ್ನೆ ಗಂಡೋ ಹೆಣ್ಣೋ ಎಂಬುದಲ್ಲ. ಸಿದ್ಧತೆ ಇದೆಯೋ ಇಲ್ಲವೋ ಎಂಬುದು. ಕನ್ನಡ, ತಮಿಳು, ತೆಲುಗು ಮಾತುಗಳು ಬೆರೆತ ನಮ್ಮ ಮನೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ಮಕ್ಕಳು ಕನ್ನಡವನ್ನು ಲೀಲಾಜಾಲವಾಗಿ ಆಡುತ್ತಾರೆ, ಪುಟ ತೆರೆದರೆ ತಡವರಿಸುತ್ತಾರೆ. ನಿರರ್ಗಳವಾಗಿ ಓದಬಲ್ಲ ಗೃಹಿಣಿಯೊಬ್ಬರು ಹಿಂದಿನ ಸಾಲಿನಲ್ಲಿ ಕುಳಿತಿದ್ದರೂ ಅವರನ್ನು ಕರೆಯುವವರಿಲ್ಲ. ಮಹಾಪ್ರಾಣ ತಪ್ಪಿದರೆ ಅದೇನೂ ಮಹಾಪರಾಧವಲ್ಲ. ವಾಕ್ಯವೇ ಮುರಿದು ಅರ್ಥ ಕೆಟ್ಟರೆ ಮಾತ್ರ ನಷ್ಟ ಇಡೀ ಸಭೆಯದು. ಅಕ್ಷರ ಬಾರದ ಅಜ್ಜಿಗೆ ಪವಿತ್ರ ಗ್ರಂಥವು ತೆರೆಯುವುದು ವಾರಕ್ಕೊಮ್ಮೆ, ಆ ಕೆಲವೇ ನಿಮಿಷ. ಅದೂ ಕೈತಪ್ಪಿದರೆ ಆಕೆ ಮತ್ತೊಂದು ವಾರ ಕಾಯಬೇಕು.

ಹಾಗೆಂದು ಮಕ್ಕಳನ್ನು ದೂರವಿಡುವುದು ಪರಿಹಾರವಲ್ಲ. ವಾಚಕರ ಹೆಸರನ್ನು ಹಿಂದಿನ ಭಾನುವಾರವೇ ತಿಳಿಸಲಿ. ಶನಿವಾರ ಸಂಜೆಯ ಜಪಸರದ ನಂತರ ಮನೆಮಂದಿಯ ಮುಂದೆ ಆ ಭಾಗವನ್ನು ಎರಡು ಬಾರಿ ಗಟ್ಟಿಯಾಗಿ ಓದಿಸೋಣ. ಕಠಿಣ ಹೆಸರುಗಳನ್ನು ಹಿರಿಯರು ತಿದ್ದಲಿ. ಎಜ್ರನು ಧರ್ಮಶಾಸ್ತ್ರವನ್ನು ಓದಿದಾಗ ಲೇವಿಯರು ಅರ್ಥವನ್ನು ಬಿಡಿಸಿ ಹೇಳಿದರೆಂದೂ ಆ ಮಾತುಗಳನ್ನು ಕೇಳಿ ಜನರು ಕಣ್ಣೀರಿಟ್ಟರೆಂದೂ ನೆಹೆಮೀಯನ ಗ್ರಂಥ ತಿಳಿಸುತ್ತದೆ.

ವಿಶ್ವಾಸವು ಆಲಿಸುವಿಕೆಯಿಂದ ಹುಟ್ಟುತ್ತದೆ ಎಂಬುದು ಸಂತ ಪೌಲರ ಬೋಧನೆ. ಆದುದರಿಂದ ಯಾರು ಓದಬೇಕೆಂಬುದನ್ನು ಅಂತಸ್ತು ನಿರ್ಣಯಿಸದಿರಲಿ. ತಾನು ಓದುವುದನ್ನು ಮೊದಲು ತಾನೇ ಆಲಿಸಿದವರು ಆ ಪೀಠವನ್ನೇರಲಿ.