ತಿಳಿಬಾನಿನ ಚಳಿ, ಮುಚ್ಚಿದ ಕೋಣೆಯ ಕೆಂಡ

ಗೋದಲಿಗೆಂದು ಮಕ್ಕಳು ಹುಲ್ಲು, ಬಿದಿರು ಕೂಡಿಹಾಕುವ ದಿನಗಳು ಬಂದವೆಂದರೆ ನಮ್ಮ ಬಯಲುಸೀಮೆಯ ಮನೆಗಳಲ್ಲಿ ಚಳಿಯ ಮಾತು ತಾನಾಗಿಯೇ ಆರಂಭವಾಗುತ್ತದೆ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ, ಸೀಸೆಯಲ್ಲಿನ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿ ಕುಳಿತಿರುತ್ತದೆ. ಹಗಲಲ್ಲಿ ಬಾನು ತಿಳಿನೀಲಿ, ಒಂದು ತುಣುಕು ಮೋಡವೂ ಇಲ್ಲ. ಇರುಳಾದೊಡನೆ ಚಳಿ ಮೂಳೆಯನ್ನೇ ಹೊಕ್ಕುತ್ತದೆ. ಇಂತಹ ನಿರ್ಮಲ ಹವೆಯನ್ನು ಕಂಡು ನಾವು ಹರ್ಷಿಸುತ್ತೇವೆ. ಹರ್ಷಕ್ಕೆ ಕಾರಣವಿದೆ, ಎಚ್ಚರಕ್ಕೂ ಕಾರಣವಿದೆ.

ಗಾಳಿಗೂ ಭಾರವಿದೆ

ಈ ಚಳಿಯ ಮೂಲವನ್ನು ಅರಿಯಬೇಕಾದರೆ ಗಾಳಿಗೂ ತೂಕವಿದೆಯೆಂಬುದನ್ನು ಮೊದಲು ನೆನೆಯಬೇಕು. ಇಟಲಿಯ ಟೊರಿಸೆಲ್ಲಿ ಪಾದರಸದ ನಳಿಗೆಯ ಮೂಲಕ ಇದನ್ನು ತೋರಿಸಿದ ಕೆಲವೇ ವರ್ಷಗಳಲ್ಲಿ, ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಒಂದು ಪ್ರಯೋಗವನ್ನು ಯೋಜಿಸಿದರು. 1648ರ ಸೆಪ್ಟೆಂಬರ್ 19ರಂದು ಅವರ ಭಾವ ಪೆರಿಯೆ ಒಂದು ನಳಿಗೆಯನ್ನು ಕ್ಲೆರ್ಮಾಂ ಪಟ್ಟಣದ ಮಿನಿಮ್ ಸಂನ್ಯಾಸಿಗಳ ಮಠದ ತೋಟದಲ್ಲಿರಿಸಿ, ಮತ್ತೊಂದನ್ನು ಪ್ಯೂ ದ ಡೋಮ್ ಬೆಟ್ಟದ ತುದಿಗೆ ಕೊಂಡೊಯ್ದರು. ಮಠದ ಗುರುಗಳೊಬ್ಬರು ದಿನವಿಡೀ ಕೆಳಗಿನ ನಳಿಗೆಯನ್ನು ಕಾದು ನೋಡಿದರು, ಅದರಲ್ಲಿ ಬದಲಾವಣೆಯಾಗಲಿಲ್ಲ. ಬೆಟ್ಟದ ಮೇಲೆ ಮಾತ್ರ ಪಾದರಸ ಸುಮಾರು 3 ಅಂಗುಲ ಇಳಿದಿತ್ತು. ಮೇಲೇರಿದಂತೆ ಗಾಳಿಯ ಹೊರೆ ಕಡಿಮೆಯಾಗುತ್ತದೆಂಬುದು ಹೀಗೆ ಸ್ಥಿರಪಟ್ಟಿತು. ಇಂದಿಗೂ ವಾಯುಭಾರವನ್ನು ಆ ಪಾಸ್ಕಲ್ ಅವರ ಹೆಸರಿನಲ್ಲೇ, ಹೆಕ್ಟೊಪಾಸ್ಕಲ್‌ಗಳಲ್ಲಿ ಅಳೆಯುತ್ತಾರೆ. ಸಮುದ್ರಮಟ್ಟದಲ್ಲಿ ಅದರ ಸರಾಸರಿ ಸುಮಾರು 1013. ಚಳಿಗಾಲದ ಸೈಬೀರಿಯದಲ್ಲಿ ಅದು ಬಹಳ ಏರುತ್ತದೆ. ಅಲ್ಲಿನ ಅಗಾತಾದಲ್ಲಿ 1968ರ ಡಿಸೆಂಬರ್ 31ರಂದು 1083ನ್ನೂ ಮೀರಿತ್ತು.

ಆ ಸೈಬೀರಿಯದ ಶೈತ್ಯವನ್ನು ಹಿಮಾಲಯವು ಗೋಡೆಯಂತೆ ನಿಂತು ತಡೆಯುತ್ತದೆ. ಆದರೂ ಡಿಸೆಂಬರ್, ಜನವರಿಗಳಲ್ಲಿ ಉತ್ತರ ಹಾಗೂ ಮಧ್ಯ ಭಾರತದ ಮೇಲೆ ಅಧಿಕ ವಾಯುಭಾರ ನೆಲೆಸಿ, ಅಲ್ಲಿಂದ ಒಣಗಾಳಿ ದಕ್ಷಿಣಕ್ಕೆ ಹರಿಯುತ್ತದೆ. ಆಗ ಬೀದರ್, ಕಲಬುರಗಿ, ವಿಜಯಪುರಗಳಲ್ಲಿ ಕೆಲವು ಇರುಳು ಉಷ್ಣಾಂಶ 10 ಡಿಗ್ರಿಗಿಂತಲೂ ಕೆಳಗಿಳಿಯುವುದುಂಟು. ಬೆಂಗಳೂರಿನಲ್ಲಿ 1884ರ ಜನವರಿ 13ರಂದು 7.8 ಡಿಗ್ರಿ ದಾಖಲಾಗಿತ್ತು. ಸಮುದ್ರದ ನೆರೆಯಲ್ಲಿರುವ ಕರಾವಳಿಯವರಿಗೆ ಈ ಕೊರೆತ ಅಷ್ಟಾಗಿ ತಟ್ಟುವುದಿಲ್ಲ.

ಅಧಿಕ ಭಾರವಿರುವೆಡೆ ಮೇಲಿನ ಗಾಳಿ ಮೆಲ್ಲನೆ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಒತ್ತಲ್ಪಟ್ಟು ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿಯಂತೆ ಬಿಸಿಯಾಗುತ್ತದೆ, ಮೋಡಗಳು ಕರಗುತ್ತವೆ. ಬಿಸಿಯಾಗುವುದಾದರೆ ಚಳಿಯೇಕೆ ಎಂದು ಓದುಗರು ಕೇಳಬಹುದು. ಮೋಡವು ಭೂಮಿಗೆ ಹೊದಿಸಿದ ಕಂಬಳಿಯಿದ್ದಂತೆ. ಆ ಕಂಬಳಿಯಿಲ್ಲದ ದೀರ್ಘ ರಾತ್ರಿಯಲ್ಲಿ ನೆಲವು ತನ್ನ ಶಾಖವನ್ನೆಲ್ಲ ಬಾನಿಗೆ ಬಿಟ್ಟುಕೊಡುತ್ತದೆ. ನೆಲಕ್ಕಂಟಿದ ಗಾಳಿಯೂ ತಣ್ಣಗಾಗುತ್ತದೆ. ಮೇಲೆ ಬೆಚ್ಚನೆಯ ಗಾಳಿ, ಕೆಳಗೆ ತಣ್ಣನೆಯ ಗಾಳಿ! ತಣ್ಣನೆಯದು ಭಾರವಾದುದರಿಂದ ಮೇಲೇರಲಾರದು. ಪಾತ್ರೆಗೆ ಮುಚ್ಚಳವಿಟ್ಟಂತೆ, ಕೆಳಗಿನ ಹೊಗೆಯೆಲ್ಲ ಕೆಳಗೇ ಉಳಿಯುತ್ತದೆ. ಮುಂಜಾನೆ ಒಲೆಯ ಹೊಗೆ ಮೇಲೇಳದೆ ಮಾಡುಗಳ ಎತ್ತರದಲ್ಲೇ ಹಾಸಿಕೊಂಡಿರುವುದನ್ನು ನಾವೆಲ್ಲರೂ ಕಂಡಿದ್ದೇವೆ.

ಲಂಡನ್ನಿನ ಐದು ದಿನಗಳು

ಈ ಮುಚ್ಚಳ ಎಷ್ಟು ಘೋರವಾಗಬಲ್ಲದೆಂಬುದನ್ನು ಲಂಡನ್ ನಗರ 1952ರಲ್ಲಿ ಕಂಡಿತು. ಆ ಡಿಸೆಂಬರ್ 5ರಂದು, ಕ್ರಿಸ್‌ಮಸ್‌ಗೆ ಮೂರೇ ವಾರಗಳಿದ್ದಾಗ, ಅಧಿಕ ವಾಯುಭಾರ ನಗರದ ಮೇಲೆ ಬಂದು ಕದಲದೆ ನಿಂತಿತು. ಗಾಳಿ ಸ್ತಬ್ಧವಾಯಿತು. ಚಳಿ ತಾಳಲಾರದೆ ಜನರು ಮನೆಮನೆಗಳಲ್ಲಿ ಕಲ್ಲಿದ್ದಲನ್ನು ಮತ್ತಷ್ಟು ಉರಿಸಿದರು. ಥೇಮ್ಸ್ ನದಿಯ ಕಣಿವೆಯ ತೇವದಿಂದ ಎದ್ದ ಮಂಜಿನೊಡನೆ ಗಂಧಕದ ಹೊಗೆ ಬೆರೆಯಿತು. ಹಗಲಲ್ಲೂ ಕೆಲವೆಡೆ ತಮ್ಮ ಪಾದಗಳೇ ಕಾಣದಂತಾಯಿತು. ಒಂದು ನಾಟಕಶಾಲೆಯೊಳಗೆ ಮಂಜು ತುಂಬಿ, ನಡೆಯುತ್ತಿದ್ದ ಸಂಗೀತನಾಟಕವನ್ನೇ ನಿಲ್ಲಿಸಬೇಕಾಯಿತು.

ಡಿಸೆಂಬರ್ 9ರಂದು ಗಾಳಿ ಬೀಸಿ ಮಂಜು ಚದುರಿತು. ಸುಮಾರು 4,000 ಮಂದಿ ಸತ್ತಿದ್ದರೆಂದು ಅಂದಿನ ಲೆಕ್ಕ ಹೇಳಿತು. ಮುಂದಿನ ಸಂಶೋಧಕರು ಆ ಸಂಖ್ಯೆ 12,000ದಷ್ಟಿರಬಹುದೆಂದರು. ಮಡಿದವರಲ್ಲಿ ಬಹುಪಾಲು ವೃದ್ಧರು, ಹಸುಗೂಸುಗಳು, ಶ್ವಾಸದ ಕಾಯಿಲೆಯವರು. ಕೊಲ್ಲಬೇಕೆಂದು ಯಾರೂ ಒಲೆ ಹಚ್ಚಿರಲಿಲ್ಲ. ತಮ್ಮವರನ್ನು ಬೆಚ್ಚಗಿಡಲೆಂದೇ ಹಚ್ಚಿದ್ದರು. ಇದಾದ ಬಳಿಕ, 1956ರಲ್ಲಿ, ಬ್ರಿಟನ್ನಿನ ಸಂಸತ್ತು ಶುದ್ಧವಾಯು ಕಾಯಿದೆಯನ್ನು ಅಂಗೀಕರಿಸಿತು.

ನಮ್ಮ ಮನೆಯೊಳಗಿನ ಮುಚ್ಚಳ

ಲಂಡನ್ ದೂರವೆಂದು ನಾವು ನಿಶ್ಚಿಂತರಾಗಿರಬೇಕಿಲ್ಲ. ಬಾನಿನ ಮುಚ್ಚಳ ಮಾಡಿದ ಕೆಲಸವನ್ನೇ ನಮ್ಮ ಕೋಣೆಯ ಮುಚ್ಚಿದ ಕಿಟಕಿಯೂ ಮಾಡುತ್ತದೆ. ಚಳಿಗೆ ಹೆದರಿ ಬಾಗಿಲು, ಕಿಟಕಿಗಳನ್ನು ಭದ್ರಪಡಿಸಿ, ಸಂದಿಗಳಿಗೆ ಬಟ್ಟೆ ತುರುಕಿ, ನಡುವೆ ಇದ್ದಿಲಿನ ಅಗ್ಗಿಷ್ಟಿಕೆಯನ್ನಿಟ್ಟು ಮಲಗಿದ ಕುಟುಂಬವು ಬೆಳಗ್ಗೆ ಏಳಲೇ ಇಲ್ಲವೆಂಬ ಸುದ್ದಿಯನ್ನು ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಗಾಳಿ ಸಾಲದೆಡೆ ಉರಿಯುವ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಹೊಮ್ಮುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತವು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅದನ್ನು ಅಪ್ಪಿಕೊಳ್ಳುತ್ತದೆ. ಹೊಗೆ ಕಾಣದಿದ್ದರೆ ಅಪಾಯವಿಲ್ಲವೆಂದು ಭಾವಿಸುವುದೇ ದೊಡ್ಡ ತಪ್ಪು. ಪಟ್ಟಣದ ಮನೆಗಳಲ್ಲಿ, ಗಾಳಿಕಿಂಡಿಯಿಲ್ಲದ ಬಚ್ಚಲಿನಲ್ಲಿ ಅಳವಡಿಸಿದ ಗ್ಯಾಸ್ ಗೀಸರ್‌ನಿಂದಲೂ ಇದೇ ದುರಂತ ಸಂಭವಿಸುತ್ತದೆ.

ಆದುದರಿಂದ ಮಲಗುವ ಕೋಣೆಯಲ್ಲಿ ಕೆಂಡವನ್ನು ಇರಿಸಲೇಬಾರದು. ಬೆಂಕಿ ಕಾಯಿಸುವುದಿದ್ದರೆ ಹೊರಗೆ, ಅಂಗಳದಲ್ಲಿ ಕಾಯಿಸಿಕೊಳ್ಳೋಣ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವೆಡೆ ಇಡಿಸೋಣ. ಮುಚ್ಚಿದ ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೇ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಕೂಡಲೇ ಎಲ್ಲರನ್ನೂ ಬಯಲಿಗೆ ಕರೆತಂದು ಆಸ್ಪತ್ರೆಗೆ ಒಯ್ಯಬೇಕು. ಮೈಗೆ ಎಣ್ಣೆ, ತಲೆಗೆ ಮಫ್ಲರ್, ಒಂದರ ಮೇಲೊಂದು ಹೊದಿಕೆ, ಬಾಯಾರದಿದ್ದರೂ ಆಗಾಗ ಬಿಸಿನೀರು: ಹಿರಿಯರು ಹೇಳಿಕೊಟ್ಟ ಈ ಉಪಾಯಗಳಿಂದ ಯಾರ ಉಸಿರಿಗೂ ಕುತ್ತಿಲ್ಲ.

ಈ ಚಳಿಯನ್ನು ಬರೀ ಶತ್ರುವೆಂದು ಬಗೆಯುವುದೂ ಸರಿಯಲ್ಲ. ಎರೆಭೂಮಿಯಲ್ಲಿ ಉಳಿದ ತೇವವನ್ನೇ ನಂಬಿ ಬೆಳೆಯುವ ಕಡಲೆಗೂ ಗೋಧಿಗೂ ತಂಪಾದ ಇರುಳು ಬೇಕು. ಸೊಗಡಿನ ಅವರೆಕಾಯಿ ನಮ್ಮ ಅಡುಗೆಮನೆಗೆ ಬರುವುದೂ ಈ ದಿನಗಳಲ್ಲಿಯೇ. ರೈತನಿಗೆ ಈ ಚಳಿಯೂ ದೇವರ ಕೊಡುಗೆಯೇ.

ಆದರೆ ಕೊಡುಗೆಯನ್ನು ಸವಿಯಲು ತಲೆಯ ಮೇಲೊಂದು ಸೂರಿರಬೇಕು. ನಡುರಾತ್ರಿಯ ಬಲಿಪೂಜೆಗೆ ನಾವು ಉಣ್ಣೆಯ ಉಡುಪು ತೊಟ್ಟು ಹೊರಡುವಾಗ, ದಾರಿಯ ಬದಿಯ ಕಬ್ಬು ಕಡಿಯುವವರ ಗುಡಿಸಲು, ಇಟ್ಟಿಗೆ ಗೂಡಿನ ಕೂಲಿಯವರ ಜೋಪಡಿ, ಬಸ್ ನಿಲ್ದಾಣದ ಕಲ್ಲುಬೆಂಚು ಕಣ್ಣಿಗೆ ಬೀಳುತ್ತವೆ. ಮೋಡವಿಲ್ಲದ ಬಾನಿನ ಕೆಳಗೆ ಅವರಿಗೂ ಕಂಬಳಿಯಿಲ್ಲ. ಬೆತ್ಲೆಹೇಮಿನ ಛತ್ರದಲ್ಲಿ ಸ್ಥಳ ದೊರೆಯದ ಕುಟುಂಬದ ನೆನಪಿಗಾಗಿ ಗೋದಲಿ ಕಟ್ಟುವವರು ನಾವು. ಈ ವರ್ಷ ಗೋದಲಿಯ ಹುಲ್ಲನ್ನು ಹರಡುವ ಮುನ್ನ, ನಮ್ಮ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಕಂಬಳಿಗಳಲ್ಲಿ ಒಂದನ್ನು ಹೊರತೆಗೆಯೋಣ. ಅದನ್ನು ಕೊಡಲು ಹೋದಾಗ, ಗುಡಿಸಲೊಳಗೆ ಕೆಂಡವಿಟ್ಟು ಮಲಗಬೇಡಿರೆಂಬ ಮಾತನ್ನೂ ಹೇಳಿ ಬರೋಣ.